ಒಂದು ರಾತ್ರಿಯ ಗುಡಿ, ದಿನದಿನದ ಕಸಬರಿಗೆ

"ಅಜ್ಜಾರ, ಈ ಗುಡಿ ಯಾರ ಕಟ್ಟಿಸ್ಯಾರ್ರೀ?"

"ಜಕಣಾಚಾರಿ ಕಟ್ಟ್ಯಾನ ತಮ್ಮಾ. ಒಂದ ರಾತ್ರ್ಯಾಗ. ಕೋಳಿ ಕೂಗೂದ್ರಾಗ ಮುಗೀಬೇಕಿತ್ತು. ಕೋಳಿ ಕೂಗಿಬಿಡ್ತು, ಶಿಖರ ಹಂಗ ಉಳೀತ ನೋಡು."

ಕೊಲ್ಹಾರ, ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯ ಹಳ್ಳಿಗಳಲ್ಲಿ ಕರಿಕಲ್ಲಿನ ಹಳೆಯ ಗುಡಿಯ ಕಟ್ಟೆಯ ಮೇಲೆ ಕುಳಿತ ಹಿರಿಯರನ್ನು ಕೇಳಿದರೆ ಈ ಉತ್ತರ ತಪ್ಪದೆ ಸಿಗುತ್ತದೆ. ಭೀಮಾ ನದಿ ದಾಟಿ ಮರಾಠಿ ಸೀಮೆಗೆ ಕಾಲಿಟ್ಟರೆ ಇಂಥದೇ ಗುಡಿಗೆ ಬೇರೊಬ್ಬ ಅಪ್ಪ ಇದ್ದಾನೆ, ಹೇಮಾಡಪಂತ. ಆತ ಸೇವುಣ ಅರಸರ ಮಂತ್ರಿ, ಹದಿಮೂರನೆಯ ಶತಮಾನದವನು. ಅವನ ಹೆಸರಿಗೆ ಬಿದ್ದ ಗುಡಿಗಳಲ್ಲಿ ಎಷ್ಟೋ ಅವನು ಹುಟ್ಟುವ ಮೊದಲೇ ನಿಂತಿದ್ದವು. ಜಕಣಾಚಾರಿಯ ಲೆಕ್ಕ ಹಿಡಿಯುವುದಂತೂ ಯಾರಿಂದಲೂ ಆಗದ ಕೆಲಸ. ನಾಲ್ಕು ಶತಮಾನಗಳ ಉದ್ದಕ್ಕೂ, ನಾಲ್ಕು ರಾಜಮನೆತನಗಳ ಕಾಲಕ್ಕೂ ಒಬ್ಬನೇ ಉಳಿ ಹಿಡಿದು ಓಡಾಡಿದಂತಾಗುತ್ತದೆ.

ಈ ಕಥೆ ನನಗೆ ಇಷ್ಟ. ಕತ್ತಲಲ್ಲಿ ಒಬ್ಬನೇ ಕುಳಿತು ಊರಿಗೊಂದು ಗುಡಿ ಕೆತ್ತಿ, ಬೆಳಗಾಗುವಷ್ಟರಲ್ಲಿ ಕೈ ತೊಳೆದುಕೊಂಡು ಹೋಗಿಬಿಡುವ ಶಿಲ್ಪಿ! ಆದರೆ ಈ ಬೆಳಗ್ಗೆ ನನ್ನ ಮನಸ್ಸು ಕಥೆ ಬಿಟ್ಟುಬಿಟ್ಟ ಭಾಗದ ಮೇಲೆ ನಿಂತಿದೆ. ಕೋಳಿ ಕೂಗಿತು, ಸರಿ. ಆಮೇಲೆ? ಆ ಹೊಸ ಗುಡಿಯ ಅಂಗಳದಲ್ಲಿ ಬಿದ್ದ ಕಲ್ಲಿನ ಚಕ್ಕೆಗಳನ್ನು ಗುಡಿಸಿದವರು ಯಾರು? ಮರುದಿನ ದೀಪಕ್ಕೆ ಎಣ್ಣೆ ಯಾರ ಗಾಣದಿಂದ ಬಂತು? ಮೊದಲ ಮಳೆಗಾಲಕ್ಕೆ ಸೋರಿದಾಗ ಮಾಳಿಗೆ ಹತ್ತಿದವರು ಯಾರು?

ಈ ಪ್ರಶ್ನೆಗಳಿಗೆ ಕಥೆಯಲ್ಲಿ ಉತ್ತರವಿಲ್ಲ. ಗುಡಿಯ ಪಕ್ಕದಲ್ಲಿ ನೆಟ್ಟ ಕಲ್ಲಿನಲ್ಲಿ ಇದೆ.

ಸಾವಿರ ವರ್ಷದ ಹಿಂದೆ ಈ ಸೀಮೆಗೆ ತರ್ದವಾಡಿ ಸಾವಿರ ಎಂಬ ಹೆಸರಿತ್ತು. ಇಂದಿನ ತದ್ದೇವಾಡಿಯೇ ಆ ತರ್ದವಾಡಿ. ಭೀಮೆಯ ದಂಡೆಯ ಆ ಸಣ್ಣ ಊರು ಒಂದು ಕಾಲಕ್ಕೆ ಇಡೀ ನಾಡಿಗೆ ಹೆಸರು ಕೊಟ್ಟಿತ್ತು. ಬಾಗೇವಾಡಿ ತಾಲ್ಲೂಕಿನ ನರಸಲಗಿಯಲ್ಲಿ 965ರ ಒಂದು ಶಾಸನವಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ಅದರಲ್ಲಿ ತೈಲಪ ಎಂಬ ಅಧೀನ ನಾಯಕನೊಬ್ಬ ಈ ತರ್ದವಾಡಿಯನ್ನು ಆಳುತ್ತಿದ್ದಾನೆ. ಎಂಟು ವರ್ಷ ಕಳೆಯಿತು, 973 ಬಂತು. ರಾಷ್ಟ್ರಕೂಟರು ಹೋದರು, ಇದೇ ತೈಲಪ ಚಾಲುಕ್ಯ ಚಕ್ರವರ್ತಿಯಾದ. ಕಲ್ಯಾಣದ ಚಾಲುಕ್ಯರ ಇನ್ನೂರು ವರ್ಷಗಳ ಆಳಿಕೆ ನಮ್ಮ ಈ ಎರೆಭೂಮಿಯಿಂದ ಎದ್ದದ್ದು. ಮುತ್ತಗಿಯ 1189ರ ಕಲ್ಲು ಇನ್ನೂ ಒಂದು ಹೆಜ್ಜೆ ಮುಂದಿನದು: ಅಷ್ಟರಲ್ಲಿ ಚಾಲುಕ್ಯರೂ ಹೋಗಿ ಸೇವುಣರ ಭಿಲ್ಲಮ ಬಂದಿದ್ದಾನೆ, ಮಾಳವರಿಗೆ ಅವನು ಎಂಥ ತಲೆನೋವಾಗಿದ್ದ ಎಂಬ ಹೊಗಳಿಕೆ ಅಲ್ಲಿದೆ.

ಅರಸರ ಈ ಸಾಲು ಹೇಳುವುದು ನನಗೆ ಬೇಕಾದ್ದಲ್ಲ. ಬಿರುದುಗಳ ಸಾಲು ಮುಗಿದ ಮೇಲೆ ಶಾಸನದ ಕೆಳಭಾಗ ಶುರುವಾಗುತ್ತದಲ್ಲ, ಅದು ಬೇಕು. ಅಲ್ಲಿ ಭಾಷೆಯೇ ಬದಲಾಗುತ್ತದೆ. ಸಂಸ್ಕೃತದ ಅಬ್ಬರ ಇಳಿದು ಲೆಕ್ಕದ ಕನ್ನಡ ಬರುತ್ತದೆ. ಇಷ್ಟು ಮತ್ತರು ಭೂಮಿ, ಅದರ ಮೂಡಣ ಗಡಿಗೆ ಈ ಹಳ್ಳ, ತೆಂಕಣ ಗಡಿಗೆ ಆ ಬಂಡೆ. ನಂದಾದೀವಿಗೆಗೆ ಒಂದು ಗಾಣ. ಪೂಜೆಯ ಹೂವಿಗೆ ಒಂದು ತೋಟ. ಸಂತೆಗೆ ಬಂದ ಹೇರಿಗೆ ಇಷ್ಟು ಎಂದು ಸುಂಕದಲ್ಲಿ ಪಾಲು. ಇವುಗಳ ನಡುವೆ ಮತ್ತೆ ಮತ್ತೆ ಬರುವ ಒಂದು ಬಾಬತ್ತು, ಖಂಡಸ್ಫುಟಿತ ಜೀರ್ಣೋದ್ಧಾರ. ಒಡೆದದ್ದು, ಬಿರುಕು ಬಿಟ್ಟದ್ದು, ಹಳತಾದದ್ದು ಇವನ್ನು ಸರಿಪಡಿಸುವ ಖರ್ಚು.

ಇದನ್ನು ಬರೆಸಿದ ದಿನ ಎಷ್ಟೋ ಗುಡಿಗಳು ಇನ್ನೂ ಹೊಸವು. ಕಲ್ಲಿನ ಮೇಲೆ ಉಳಿಯ ಗೆರೆ ಮಾಸಿರಲಿಲ್ಲ. ಗುಡಿ ಕಟ್ಟಿಸಿದವನು ತನ್ನ ಹೆಸರು ಸೂರ್ಯಚಂದ್ರರಿರುವ ತನಕ ಉಳಿಯಲಿ ಎಂದು ಕಲ್ಲಿನ ತಲೆಯ ಮೇಲೆ ಸೂರ್ಯನನ್ನೂ ಚಂದ್ರನನ್ನೂ ಕೆತ್ತಿಸಿದ್ದಾನೆ. ಅದೇ ಕಲ್ಲಿನ ಹೊಟ್ಟೆಯಲ್ಲಿ, ಇದು ಬಿರುಕು ಬಿಡುತ್ತದೆ, ಅದಕ್ಕೆ ಈಗಲೇ ಹೊಲ ಬಿಟ್ಟಿದ್ದೇನೆ ಎಂದೂ ಬರೆಸಿದ್ದಾನೆ. ತಲೆಯ ಮೇಲಿನ ಆಸೆ ಎಲ್ಲರಿಗೂ ಇರುವಂಥದ್ದು. ಹೊಟ್ಟೆಯಲ್ಲಿನ ಈ ತಿಳಿವಳಿಕೆಯ ಮುಂದೆ ನಾನು ತಲೆ ತಗ್ಗಿಸುತ್ತೇನೆ.

ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬದ ಶಾಸನ ಇದೇ ತಿಳಿವಳಿಕೆಯನ್ನು ಮತ್ತೊಂದು ದಾರಿಯಲ್ಲಿ ತೋರಿಸುತ್ತದೆ. ವರ್ಷ 945. ಆಗ ಊರ ಹೆಸರು ಪಾವಿಟ್ಟಗೆ. ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಎಂಬವನು ಅಲ್ಲಿ ತ್ರೈಪುರುಷರ ಹೆಸರಿನ ಒಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ಓದಲು ಬಂದ ಹುಡುಗರು ಉಳಿಯಲು ಇಪ್ಪತ್ತೇಳು ಮನೆಗಳಿದ್ದವು. ಉಪಾಧ್ಯಾಯನಿಗೆ ಬೇರೆ ಭೂಮಿ, ದೀಪಕ್ಕೆ ಬೇರೆ, ಹೂದೋಟಕ್ಕೆ ಬೇರೆ. ಇಷ್ಟೆಲ್ಲ ಮಂತ್ರಿಯಿಂದ, ಊರ ಪ್ರಮುಖರಿಂದ ಬಂದದ್ದು. ಆದರೆ ಅದರ ಕೆಳಗೆ ಇನ್ನೊಂದು ಕಟ್ಟಳೆ ಇದೆ. ಊರ ಬ್ರಾಹ್ಮಣರ ಮನೆಯಲ್ಲಿ ಮದುವೆ ಆದರೆ ಶಾಲೆಗೆ ಇಷ್ಟು ಕೊಡಬೇಕು, ಮುಂಜಿಗೆ ಅದರ ಅರ್ಧ, ಚೌಲಕ್ಕೆ ಅದರರ್ಧ. ದೊಡ್ಡವರ ದಾನ ಒಂದೇ ಸಲ ಬರುತ್ತದೆ, ಮದುವೆ ಮುಂಜಿಗಳು ವರ್ಷಾವರ್ಷ ಆಗುತ್ತವೆ ಎಂಬುದನ್ನು ಕಂಡವರು ಮಾಡಿದ ಏರ್ಪಾಡು ಅದು. ಒಂದು ಊರಿನ ಸಂತೋಷಕ್ಕೆಲ್ಲ ಒಂದು ಸಣ್ಣ ತೆರಿಗೆ, ಅದೂ ಹುಡುಗರ ಓದಿಗೆ! ಆ ಇಪ್ಪತ್ತೇಳು ಮನೆಗಳಲ್ಲಿ ಇದ್ದು ಓದಿದವರ ಹೆಸರು ಒಂದೂ ನಮಗೆ ಸಿಕ್ಕಿಲ್ಲ. ಅವರ ದೀಪದ ಎಣ್ಣೆಯ ಲೆಕ್ಕ ಮಾತ್ರ ಉಳಿದಿದೆ.

ಗುಡಿಯ ಒಳಗೆ ಹೋಗೋಣ.

ಈ ಕಾಲದ ಹಳ್ಳಿಗುಡಿಗಳ ನಕ್ಷೆ ಬಹುಪಾಲು ಒಂದೇ. ಮುಂದೆ ತೆರೆದ ಮುಖಮಂಟಪ, ಅದರ ಅಂಚಿಗೆ ಒರಗಿ ಕೂರಲು ಕಲ್ಲಿನ ಕಕ್ಷಾಸನ. ಅದರ ಹಿಂದೆ ನಾಲ್ಕು ಕಂಬಗಳ ನವರಂಗ. ಆಮೇಲೆ ಇಕ್ಕಟ್ಟಾದ ಅಂತರಾಳ, ಕೊನೆಗೆ ಗರ್ಭಗುಡಿ. ಹೆಜ್ಜೆ ಮುಂದಿಟ್ಟಂತೆಲ್ಲ ಛಾವಣಿ ತಗ್ಗುತ್ತದೆ, ಬಾಗಿಲು ಚಿಕ್ಕದಾಗುತ್ತದೆ, ಬೆಳಕು ಕಡಿಮೆಯಾಗುತ್ತದೆ. ಗರ್ಭಗುಡಿಯ ಹೊಸ್ತಿಲ ಹತ್ತಿರ ಬಂದಾಗ ಬಗ್ಗದೆ ವಿಧಿಯಿಲ್ಲ. ಭಕ್ತಿ ಇದ್ದವನೂ ಬಗ್ಗುತ್ತಾನೆ, ಬರೀ ನೋಡಲು ಬಂದವನೂ ಬಗ್ಗುತ್ತಾನೆ. ಬಗ್ಗದಿದ್ದರೆ ಹಣೆಗೆ ಕಲ್ಲು ಬಡಿಯುತ್ತದೆ.

ಇವುಗಳಲ್ಲಿ ಕಮಾನು ಇಲ್ಲ. ಕಂಬ, ಅದರ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಹಾಸುಗಲ್ಲು. ಭಾರವೆಲ್ಲ ನೆಟ್ಟಗೆ ಕೆಳಕ್ಕೆ ಇಳಿಯುತ್ತದೆ. ಕಲ್ಲಿಗೂ ಕಲ್ಲಿಗೂ ನಡುವೆ ಗಾರೆಯೂ ಇಲ್ಲ, ತೂಕವೇ ಅಂಟು. ನವರಂಗದ ನಡುವೆ ನಿಂತು ಕತ್ತೆತ್ತಿ ನೋಡಿದರೆ, ನಾಲ್ಕು ಮೂಲೆಗೆ ಅಡ್ಡಲಾಗಿ ಒಂದೊಂದು ಹಾಸುಗಲ್ಲು ಇಟ್ಟು ಚೌಕವನ್ನು ಕಿರಿದು ಮಾಡುತ್ತಾ, ಅದರ ಮೇಲೆ ಮತ್ತೆ ಓರೆಯಾಗಿ ಇಟ್ಟು ಇನ್ನೂ ಕಿರಿದು ಮಾಡುತ್ತಾ, ಕೊನೆಗೆ ಉಳಿದ ಕಿಂಡಿಯನ್ನು ಕಮಲ ಕೆತ್ತಿದ ಒಂದೇ ಕಲ್ಲಿನಿಂದ ಮುಚ್ಚಿದ್ದು ಕಾಣುತ್ತದೆ. ಗೋಲಗುಮ್ಮಟ ಎದ್ದದ್ದು ಹದಿನೇಳನೆಯ ಶತಮಾನದಲ್ಲಿ. ಅಷ್ಟು ದೊಡ್ಡ ಬಯಲನ್ನು ಗುಮ್ಮಟದಿಂದ ಮುಚ್ಚುವ ವಿದ್ಯೆ ಬರುವ ಮೊದಲು, ಈ ನೆಲದವರು ಎಂಟು ಹತ್ತು ಅಡಿಯ ಬಯಲನ್ನು ಹೀಗೆ ಕಲ್ಲಿನ ಮೇಲೆ ಕಲ್ಲಿಟ್ಟು ಮುಚ್ಚುತ್ತಿದ್ದರು.

ಕಲ್ಲಿನ ಮಾತೂ ಇದೆ. ಕೃಷ್ಣೆಯ ಬಡಗಣಕ್ಕೆ ಹೋದಂತೆ ಕರಿಕಲ್ಲು, ಹಳೆಯ ಜ್ವಾಲಾಮುಖಿಯ ಲಾವಾ ಗಟ್ಟಿಯಾಗಿ ಆದದ್ದು. ಎರೆಮಣ್ಣು ಅದರದೇ ಕೂಸು. ತೆಂಕಣಕ್ಕೆ ಬಾದಾಮಿ, ಐಹೊಳೆಯ ಕೆಂಪು ಮರಳುಗಲ್ಲು. ಮರಳುಗಲ್ಲು ಉಳಿಗೆ ಸಲೀಸಾಗಿ ಒಲಿಯುತ್ತದೆ. ಕರಿಕಲ್ಲು ಹಾಗಲ್ಲ, ಪ್ರತಿ ಏಟಿಗೂ ಜಗಳಕ್ಕೆ ಬರುತ್ತದೆ. ಅದಕ್ಕೇ ನಮ್ಮ ಕಡೆಯ ಹಳ್ಳಿಗುಡಿಗಳ ಹೊರಗೋಡೆ ಬಹಳ ಸಲ ಬೋಳು. ಶಿಲ್ಪಿ ತನ್ನ ಶಕ್ತಿಯನ್ನೆಲ್ಲ ಬಾಗಿಲವಾಡಕ್ಕೂ ಕಂಬಗಳಿಗೂ ಕೂಡಿಟ್ಟುಕೊಂಡಿದ್ದಾನೆ. ಪಟ್ಟದಕಲ್ಲು ನೋಡಿ ಬಂದವರು ಇವನ್ನು ಕಂಡು ಇಷ್ಟೇನಾ ಎನ್ನುತ್ತಾರೆ. ಎನ್ನಲಿ. ಬಾಗಿಲವಾಡದ ಹತ್ತಿರ ಕೂತು ಒಂದೊಂದೇ ಪಟ್ಟಿಕೆಯನ್ನು ನೋಡಬೇಕು: ಒಳಗಡೆಯಿಂದ ಹೊರಕ್ಕೆ ಬಳ್ಳಿಯ ಸಾಲು, ಆಮೇಲೆ ವಜ್ರದ ಚೌಕಗಳು, ಆಮೇಲೆ ತೆಳ್ಳನೆಯ ಅರೆಗಂಬ. ಮೇಲೆ ನಡುವೆ ಲಲಾಟದಲ್ಲಿ ಗಜಲಕ್ಷ್ಮಿ, ಎರಡೂ ಕಡೆ ಸೊಂಡಿಲೆತ್ತಿದ ಆನೆ. ಆನೆಯೊಂದರ ಹೊಟ್ಟೆಯ ಮೇಲೆ ಬೆರಳಾಡಿಸಿದರೆ ನೂರಾರು ವರ್ಷಗಳಿಂದ ಒಳಗೆ ಹೋಗುವವರ ಕೈ ಸೋಕಿ ಸೋಕಿ ಅದು ಕನ್ನಡಿಯ ಹಾಗೆ ನುಣುಪಾಗಿರುತ್ತದೆ. ಉಳಿಗೆ ಒಲಿಯದ ಕಲ್ಲು ಅಂಗೈಗೆ ಒಲಿದಿದೆ.

ಇದೇ ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ಸಮುದ್ರದಾಚೆ ಇಂಗ್ಲೆಂಡಿನ ಹಳ್ಳಿಹಳ್ಳಿಯಲ್ಲೂ ಕಲ್ಲಿನ ಚರ್ಚುಗಳು ಏಳುತ್ತಿದ್ದವು. ಅಲ್ಲಿಯೂ ಕಟ್ಟಡಕ್ಕೆ ಎರಡು ಪಾಲು: ಪಡುವಣಕ್ಕೆ ಜನ ನಿಲ್ಲುವ ಉದ್ದನೆಯ ಸಭಾಂಗಣ, ಮೂಡಣಕ್ಕೆ ಪೂಜೆಯ ವೇದಿಕೆ ಇರುವ ಒಳಕೋಣೆ. ನಮ್ಮ ಗುಡಿಯೂ ಮೂಡಣವನ್ನೇ ನಂಬಿದ್ದು, ಅವರ ಚರ್ಚೂ ಮೂಡಣವನ್ನೇ. ಆದರೆ ನಂಬಿದ ಬಗೆ ತಿರುವುಮುರುವು. ಅಲ್ಲಿ ವೇದಿಕೆ ಮೂಡಣ ತುದಿಯಲ್ಲಿ, ಅದರ ಹಿಂದೆ ದೊಡ್ಡ ಕಿಟಕಿ. ಬೆಳಗಿನ ಬಿಸಿಲು ಪೂಜೆಯ ಕಡೆಯಿಂದ ಹೊರಟು ಜನರ ಮುಖಕ್ಕೆ ಬೀಳುತ್ತದೆ. ಇಲ್ಲಿ ದೇವರು ಪಡುವಣ ತುದಿಯಲ್ಲಿ ಕೂತು ಮೂಡಣಕ್ಕೆ ಮುಖ ಮಾಡಿದ್ದಾನೆ. ಸೂರ್ಯ ನಮ್ಮ ಬೆನ್ನ ಹಿಂದಿನಿಂದ ಬರುತ್ತಾನೆ. ಮುಖಮಂಟಪ ದಾಟಿ, ನವರಂಗ ದಾಟಿ, ಬಾಗಿಲವಾಡಗಳ ಒಳಗೆ ಒಂದೇ ಗೆರೆಯಲ್ಲಿ ಹಾದು ಲಿಂಗದ ಮೇಲೆ ಬೀಳುತ್ತಾನೆ, ಅದೂ ಕೆಲವೇ ನಿಮಿಷ. ನಡುವೆ ನಾವು ನಿಂತರೆ ನಮ್ಮ ನೆರಳೇ ದೇವರ ಮೇಲೆ ಬೀಳುತ್ತದೆ. ಬೆಳಕಿಗೆ ಅಡ್ಡ ನಿಲ್ಲಬೇಡ, ಸರಿದು ನಿಲ್ಲು ಎಂದು ಪೂಜಾರಿ ಗದರುವುದು ಬರೀ ಮಡಿಯ ಮಾತಲ್ಲ.

ಅಲ್ಲಿಯ ಹಳ್ಳಿಯವರು ರಿಪೇರಿಯ ಖರ್ಚನ್ನೂ ಎರಡು ಪಾಲು ಮಾಡಿದ್ದರು. ಜನ ನಿಲ್ಲುವ ಸಭಾಂಗಣ ಸೋರಿದರೆ ಊರವರ ಜವಾಬ್ದಾರಿ. ಒಳಕೋಣೆ ಸೋರಿದರೆ ಊರ ಬೆಳೆಯಲ್ಲಿ ಹತ್ತನೇ ಪಾಲು ತಿನ್ನುವ ಪಾದ್ರಿಯ ಜವಾಬ್ದಾರಿ. ಆ ಹೊಣೆ ಕಾಲಕ್ರಮೇಣ ಭೂಮಿಗೆ ಅಂಟಿಕೊಂಡಿತು. ಭೂಮಿ ಕೈ ಬದಲಿಸಿತು, ಮಾರಾಟವಾಯಿತು, ಹೊಣೆ ಮಾತ್ರ ಬಿಡಲಿಲ್ಲ. 2003ರಲ್ಲಿ ಆಸ್ಟನ್ ಕ್ಯಾಂಟ್ಲೋ ಎಂಬ ಹಳ್ಳಿಯಲ್ಲಿ ಹೊಲ ಇಟ್ಟುಕೊಂಡಿದ್ದ ದಂಪತಿ, ಮಧ್ಯಯುಗದ ಚರ್ಚಿನ ಒಳಕೋಣೆಯ ರಿಪೇರಿ ಖರ್ಚು ಕೊಡಲೇಬೇಕು ಎಂದು ಆ ದೇಶದ ಅತ್ಯುನ್ನತ ನ್ಯಾಯಪೀಠ ತೀರ್ಪು ಕೊಟ್ಟಿತು. ಒಕ್ಕಲುತನ ಮಾಡುವವರ ತಲೆಯ ಮೇಲೆ ಲಕ್ಷಗಟ್ಟಲೆ ಪೌಂಡುಗಳ ಹೊರೆ. ನ್ಯಾಯವೋ ಅನ್ಯಾಯವೋ, ನನಗೆ ಅದು ಅತಿಯಾಯಿತು ಎನಿಸುತ್ತದೆ. ಆದರೂ ನೂರಾರು ವರ್ಷದ ಹಿಂದಿನ ಮಾತೊಂದು ಹೊಲದ ಮಣ್ಣಿನಲ್ಲಿ ಇನ್ನೂ ಜೀವ ಹಿಡಿದಿತ್ತು ಎಂಬುದನ್ನು ನೆನೆದರೆ ಸೋಜಿಗ.

ನಮ್ಮಲ್ಲಿ ಹಾಗಾಗಲಿಲ್ಲ. ಶಾಸನದ ಕೊನೆಯಲ್ಲಿ, ಈ ದಾನವನ್ನು ಅಳಿದವನು ಕಾಶಿಯಲ್ಲಿ ಗೋವನ್ನು ಕೊಂದ ಪಾಪಕ್ಕೆ ಹೋಗಲಿ ಎಂಬ ಶಾಪ ಇರುತ್ತದೆ. ಶಾಪಕ್ಕೆ ಹೆದರಿದವರಿಗಿಂತ ಹೆದರದವರೇ ಹೆಚ್ಚಾದರು. ಒಂದು ಅರಸೊತ್ತಿಗೆ ಹೋಗಿ ಇನ್ನೊಂದು ಬಂದಾಗ ಎಷ್ಟೋ ಹೊಲಗಳು ಕರಗಿದವು. ನಮ್ಮ ಕಾಲಕ್ಕೆ 1974ರ ಭೂಸುಧಾರಣೆ ಬಂತು, ದೇವರ ಹೊಲ ಉಳುತ್ತಿದ್ದ ಗೇಣಿದಾರರಿಗೂ ಭೂಮಿ ಸಿಕ್ಕಿತು. ಉಳುವವನಿಗೆ ಹೊಲ ಸಿಕ್ಕಿದ್ದಕ್ಕೆ ನನಗೆ ಕಿಂಚಿತ್ತೂ ಬೇಸರವಿಲ್ಲ. ಕಲ್ಲು ದೇವರು ಜೋಳ ಬಿತ್ತಲಾರ. ಆದರೆ ಆ ಹೊಲದ ಜೊತೆ ಕಟ್ಟಿದ್ದ ಕರ್ತವ್ಯ, ಆ ಬಿರುಕು ಮುಚ್ಚುವ ಕೆಲಸ, ಯಾರ ಹೆಸರಿಗೂ ವರ್ಗವಾಗಲಿಲ್ಲ. ಮುಜರಾಯಿ ಗುಡಿಗಳಿಗೆ ಸರಕಾರದಿಂದ ತಸ್ತೀಕು ಬರುತ್ತದೆ. ಉಳಿದ ಸಾವಿರಾರು ಗುಡಿಗಳಿಗೆ ಜಾತ್ರೆಯ ಹೊತ್ತಿಗೆ ಎತ್ತುವ ಪಟ್ಟಿಯೇ ಗತಿ.

ಬಾಗೇವಾಡಿಯ ನೆಲದಲ್ಲಿ ನಿಂತು ಗುಡಿಯ ಮಾತಾಡುವವನು ಬಸವಣ್ಣನವರನ್ನು ದಾಟಿ ಮುಂದೆ ಹೋಗುವಂತಿಲ್ಲ. ಹನ್ನೆರಡನೆಯ ಶತಮಾನದಲ್ಲಿ, ಇಂಥ ಕಲ್ಲುಗುಡಿಗಳು ಊರೂರಿಗೂ ಏಳುತ್ತಿದ್ದ ಕಾಲದಲ್ಲೇ, ಈ ಅಗ್ರಹಾರದಲ್ಲಿ ಹುಟ್ಟಿದ ಅವರು ಗುಡಿ ಕಟ್ಟಿಸುವ ಕಸುವಿಲ್ಲದವನ ಪರ ನಿಂತರು. ನಿಂತ ಕಲ್ಲಿಗಿಂತ ನಡೆಯುವ ಜೀವ ದೊಡ್ಡದೆಂದು ಹೇಳಿದರು. ಅವರ ಹೆಸರಿನ ಊರಿನಲ್ಲೇ ಇಂದು ಚಾಲುಕ್ಯ ಶೈಲಿಯ ಗುಡಿ ಇದೆ. ಹಳೆಯ ದಾಖಲೆಗಳಲ್ಲಿ ಅದು ಸಂಗಮೇಶ್ವರ, ಜನರ ಬಾಯಲ್ಲಿ ಬಸವೇಶ್ವರ. ಶ್ರಾವಣದಲ್ಲಿ ಜಾತ್ರೆಗೆ ಊರು ತುಂಬಿ ಹರಿಯುತ್ತದೆ. ಇದನ್ನು ಎತ್ತಿ ತೋರಿಸಿ ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಕಲ್ಲು ಅಳಿಯುತ್ತದೆ ಎಂಬ ಮಾತನ್ನು ಶರಣರು ತತ್ವವಾಗಿ ಹೇಳಿದರೆ, ಶಾಸನ ಬರೆದ ಸೇನಬೋವ ಅದನ್ನೇ ಖರ್ಚಿನ ಬಾಬತ್ತಾಗಿ ಬರೆದ. ಇಬ್ಬರಿಗೂ ಗೊತ್ತಿದ್ದದ್ದು ಒಂದೇ ಸಂಗತಿ. ಕಾಯಕವನ್ನು ಕಲಿಸಿದ ನೆಲದಲ್ಲಿ, ಕಟ್ಟಿಸಿದ ಶ್ರೀಮಂತನಿಗಿಂತ ದಿನಾ ಅಂಗಳ ಗುಡಿಸುವ ಹೆಣ್ಣುಮಗಳ ಲೆಕ್ಕ ಮೊದಲು ಬರಬೇಕಲ್ಲವೇ? ಆಕೆಯ ಹೆಸರು ಯಾವ ಕಲ್ಲಿನಲ್ಲೂ ಇಲ್ಲ.

ಅಳಿವು ಬಿರುಕಿನ ರೂಪದಲ್ಲೇ ಬರಬೇಕೆಂದಿಲ್ಲ. ಕೊಲ್ಹಾರದವರಿಗೆ ಅದು ನೀರಿನ ರೂಪದಲ್ಲಿ ಬಂತು. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು, 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ನಾಡಿಗೆ ಅರ್ಪಿಸಿದರು. 519.60 ಮೀಟರ್ ತನಕ ನೀರು ನಿಂತರೆ 123 ಟಿಎಂಸಿ. ಒಣ ಸೀಮೆಗೆ ನೀರು ಬಂತು ಎಂಬುದು ದೊಡ್ಡ ಮಾತು. ಆ ನೀರಿನ ಕೆಳಗೆ ಹಳೇ ಕೊಲ್ಹಾರವೂ ಹೋಯಿತು ಎಂಬುದು ಅಷ್ಟೇ ದೊಡ್ಡದು. ಊರು ಎತ್ತರಕ್ಕೆ ಬಂದು ಹೊಸದಾಗಿ ಕೂತಿತು. ಮಡಿಕೆಯಲ್ಲಿ ಹೆಪ್ಪು ಹಾಕಿದ ಕೊಲ್ಹಾರದ ಗಟ್ಟಿ ಮೊಸರು ಹೊಸ ಊರಿಗೂ ಬಂತು, ಬಸ್ಸು ನಿಂತಲ್ಲೆಲ್ಲ ಮೊಸರಿನ ಕುಡಿಕೆ ಹಿಡಿದು ಮಾರುವವರೂ ಬಂದರು. ಮನೆಯ ತೊಲೆ, ಬಾಗಿಲು, ಗಡಂಚಿ, ಹಗೇವಿನಲ್ಲಿದ್ದ ಜೋಳ ಎಲ್ಲ ಗಾಡಿಯಲ್ಲಿ ಬರುತ್ತವೆ. ಗುಡಿಯನ್ನು ಹೇಗೆ ತರುವುದು?

ಶಾಸ್ತ್ರದಲ್ಲಿ ದಾರಿ ಇದೆ. ಮೂರ್ತಿಯಲ್ಲಿರುವ ಕಳೆಯನ್ನು ಕಲಶದ ನೀರಿಗೆ ಇಳಿಸಿ, ಹೊಸ ಜಾಗದಲ್ಲಿ ಮತ್ತೆ ಏರಿಸುವುದು. ಒಂದು ಕೊಡ ನೀರಿನಲ್ಲಿ ದೇವರು ಪ್ರಯಾಣ ಮಾಡುತ್ತಾನೆ. ನೀರಿನಿಂದ ತಪ್ಪಿಸಿಕೊಳ್ಳಲು ನೀರಿನಲ್ಲೇ! ಕಟ್ಟಡಕ್ಕೂ ದಾರಿ ಇದೆ. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟ ಗುಡಿಯನ್ನು ಬಿಚ್ಚಬಹುದು, ಒಂದೊಂದು ಕಲ್ಲಿಗೂ ನಂಬರು ಬರೆದು ಒಯ್ದು ಮತ್ತೆ ಜೋಡಿಸಬಹುದು. ಇದೇ ಕೃಷ್ಣೆ ತುಂಗಭದ್ರೆಯನ್ನು ಕೂಡುವ ಕೂಡವೆಲ್ಲಿಯ ಸಂಗಮೇಶ್ವರ ಗುಡಿಯನ್ನು ಶ್ರೀಶೈಲ ಅಣೆಕಟ್ಟಿನ ನೀರು ಬರುವ ಮೊದಲು ಹಾಗೆ ಬಿಚ್ಚಿ ಆಲಂಪುರಕ್ಕೆ ತಂದು ನಿಲ್ಲಿಸಿದರು. ಕೂಡಲಸಂಗಮದಲ್ಲಿ ಮತ್ತೊಂದು ದಾರಿ ಹಿಡಿದರು. ನಾರಾಯಣಪುರದ ಹಿನ್ನೀರು ಸುತ್ತುವರಿಯುವ ಐಕ್ಯಮಂಟಪವನ್ನು ಕದಲಿಸದೆ, ಸುತ್ತಲೂ ಬಾವಿಯ ಹಾಗೆ ಗೋಡೆ ಎಬ್ಬಿಸಿದರು. ಈಗ ಮೆಟ್ಟಿಲು ಇಳಿದು ಹೋಗಿ ಬಸವಣ್ಣನವರಿಗೆ ಕೈಮುಗಿಯಬೇಕು. ಇಂಗ್ಲೆಂಡಿನ ರಟ್ಲೆಂಡ್ ಜಲಾಶಯದಲ್ಲಿ ನಾರ್ಮಂಟನ್ ಎಂಬ ಹಳೆಯ ಊರಿನ ಚರ್ಚನ್ನು ಉಳಿಸಿದ್ದು ಇದರ ತದ್ವಿರುದ್ಧ ದಾರಿಯಲ್ಲಿ: 1970ರ ದಶಕದಲ್ಲಿ ಅದರ ಕೆಳಗಿನರ್ಧಕ್ಕೆ ಕಲ್ಲು ತುಂಬಿ, ನೆಲವನ್ನು ನೀರಿನ ಮಟ್ಟಕ್ಕಿಂತ ಮೇಲಕ್ಕೆ ಎತ್ತಿದರು. ಅರ್ಧ ಮುಳುಗಿದ ಚರ್ಚು ಈಗ ಚೆಂದದ ಫೋಟೋ ಆಗುತ್ತದೆ, ಊರಿನ ಪ್ರಾರ್ಥನೆ ಅಲ್ಲಿ ಮುಗಿದಿದೆ.

ಉಳಿಸುವುದು ಎಂದರೆ ಏನು ಎಂಬ ಪ್ರಶ್ನೆ ಇಲ್ಲೇ ಕಚ್ಚುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಹಳ್ಳಿಚರ್ಚುಗಳನ್ನು ಹೊಸದು ಮಾಡುವ ಭರದಲ್ಲಿ ಹಳೆಯ ಗಿಲಾವನ್ನೆಲ್ಲ ಕೆರೆದು ಕಲ್ಲು ಹೊಳೆಯುವಂತೆ ಮಾಡಿದರು. ನೋಡಲಾರದೆ ಕವಿ ವಿಲಿಯಂ ಮಾರಿಸ್ 1877ರಲ್ಲಿ ಒಂದು ಸಂಘ ಕಟ್ಟಿದ. ಕೆರೆಯಬೇಡಿ, ಚೂರುಪಾರು ರಿಪೇರಿ ಮಾಡುತ್ತಾ ಇರಿ, ದಿನದಿನದ ಆರೈಕೆಯೇ ಸಾಕು ಎಂಬುದು ಅವನ ವಾದ. ನಮ್ಮ ಶಾಸನದ ಸೇನಬೋವನ ಕಿವಿಗೆ ಇದು ಬಿದ್ದಿದ್ದರೆ ತಲೆಯಾಡಿಸುತ್ತಿದ್ದ. ನಮ್ಮ ನಾಡಿನ ಗುಡಿಗಳನ್ನು ಅಳೆದು, ಫೋಟೋ ಹಿಡಿದು, ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವಿನ ಮೇಲೆ 1926ರಲ್ಲಿ ಹೆನ್ರಿ ಕಸಿನ್ಸ್ ದೊಡ್ಡ ಗ್ರಂಥ ತಂದ. ಜಾನ್ ಫ್ಲೀಟ್ ಊರೂರು ಅಲೆದು ಶಾಸನ ಓದಿದ. ಇಬ್ಬರಿಗೂ ನಾವು ಋಣಿ. ಆದರೆ ಅವರ ಕಣ್ಣಿಗೆ ಗುಡಿ ಅಂದರೆ ಅಳೆಯಬೇಕಾದ ಕಲ್ಲು. ಊರವರ ಕಣ್ಣಿಗೆ ಬೆಳಗ್ಗೆ ಎದ್ದು ನೀರು ಹಾಕಬೇಕಾದ ಜಾಗ.

ಊರವರ ಪ್ರೀತಿಯೂ ನಿರಪಾಯಕಾರಿಯಲ್ಲ. ಮೊನ್ನೆ ಒಂದು ಹಳ್ಳಿಯ ಗುಡಿಯಲ್ಲಿ ಬಾಗಿಲವಾಡದ ಬಳ್ಳಿಗೆಲ್ಲ ಹಸಿರು ಆಯಿಲ್ ಪೇಂಟ್, ಆನೆಗಳಿಗೆ ಬೆಳ್ಳಿ ಬಣ್ಣ, ದ್ವಾರಪಾಲಕರ ತುಟಿಗೆ ಕೆಂಪು. ಕಮಲದ ನಡುವೆ ಮೊಳೆ ಹೊಡೆದು ಟ್ಯೂಬ್‌ಲೈಟಿನ ವೈರ್ ಎಳೆದಿದ್ದರು. ನೆಲಕ್ಕೆ ಟೈಲ್ಸ್ ಹಾಕಿದ ಮೇಲೆ ಕಂಬಗಳ ಬುಡ ನಾಲ್ಕು ಬೆರಳು ನೆಲದೊಳಗೆ ಹೋಗಿದೆ. ಮಾಳಿಗೆಯ ಹಳೆಯ ಸುಣ್ಣದ ಗಚ್ಚು ತೆಗೆದು ಸಿಮೆಂಟು ಬಳಿದದ್ದರಿಂದ ಒಳಗೆ ಸೇರಿದ ತೇವ ಹೊರಗೆ ಹೋಗಲು ದಾರಿ ಕಾಣದೆ ಕಲ್ಲಿನಿಂದ ಬಿಳಿ ಉಪ್ಪಾಗಿ ಒಸರುತ್ತಿದೆ. ಹೊಟ್ಟೆ ಉರಿಯಿತು. ಅದರ ಮಗ್ಗುಲಿಗೇ ಇಟ್ಟು ನೋಡಬೇಕಾದ ಇನ್ನೊಂದು ಚಿತ್ರವೂ ಇದೆ: ಸಂರಕ್ಷಿತ ಸ್ಮಾರಕ ಎಂಬ ನೀಲಿ ಫಲಕದ ಹಿಂದೆ, ತಂತಿ ಬೇಲಿಯ ಒಳಗೆ, ಬಣ್ಣವಿಲ್ಲದೆ ಟೈಲ್ಸ್ ಇಲ್ಲದೆ ಅಚ್ಚುಕಟ್ಟಾಗಿ ಬೀಗ ಹಾಕಿಸಿಕೊಂಡು ನಿಂತ ಗುಡಿ. ಬಾವಲಿಗಳ ವಾಸನೆ, ದೀಪ ಇಲ್ಲ. ಯಾವುದು ಉಳಿದಿದೆ? ಎರಡೂ ಅರ್ಧರ್ಧ.

ಸುಣ್ಣದ ವಿಷಯದಲ್ಲಿ ಮಾತ್ರ ನಾನು ಊರವರ ಕಡೆ. ವರ್ಷಕ್ಕೊಮ್ಮೆ ಹಬ್ಬಕ್ಕೆ ಬಳಿದ ಸುಣ್ಣ ಪದರ ಪದರವಾಗಿ ಕೂತು ಶಾಸನದ ಅಕ್ಷರ ಮುಚ್ಚಿಬಿಡುತ್ತದೆ ಎಂದು ಓದುವವರು ಗೊಣಗುತ್ತಾರೆ. ಆದರೆ ಸುಣ್ಣ ಉಸಿರಾಡುತ್ತದೆ, ಜೋಪಾನವಾಗಿ ಬಿಡಿಸಿದರೆ ಬಿಡುತ್ತದೆ, ಅದರ ಕೆಳಗಿನ ಅಕ್ಷರ ಬಿಸಿಲಿಗೂ ಮಳೆಗೂ ಸಿಗದೆ ಚೂಪಾಗಿ ಉಳಿದಿರುತ್ತದೆ. ಇಂಗ್ಲೆಂಡಿನ ಚರ್ಚುಗಳಲ್ಲೂ ಹದಿನಾರನೆಯ ಶತಮಾನದ ಮತಸುಧಾರಕರು ಗೋಡೆಯ ಚಿತ್ರಗಳನ್ನು ಅಳಿಸಲೆಂದು ಬಳಿದ ಸುಣ್ಣವೇ ಮುನ್ನೂರು ವರ್ಷಗಳ ಕಾಲ ಆ ಚಿತ್ರಗಳನ್ನು ಕಾದುಕೊಂಡಿತು.

ಮೊನ್ನೆ ಹೋದ ಆ ಹಳ್ಳಿಯ ಗುಡಿಯ ಮಾಳಿಗೆಯ ಮೇಲೆ ಅರಳಿ ಗಿಡವೊಂದು ಎದ್ದಿದೆ. ಹಕ್ಕಿ ತಂದು ಹಾಕಿದ ಬೀಜ. ಬೇರು ಹಾಸುಗಲ್ಲಿನ ಸಂದಿಗೆ ಇಳಿದಿದೆ. ಎಳೆಯದಿದ್ದಾಗ ಕೈಯಿಂದ ಕೀಳಬಹುದಿತ್ತು, ಈಗ ಹೆಬ್ಬೆರಳ ಗಾತ್ರ. ಇನ್ನೆರಡು ಮಳೆಗಾಲ ಬಿಟ್ಟರೆ ಕಲ್ಲು ಸರಿಯುತ್ತದೆ. ಅರಳಿಯನ್ನು ಕಡಿಯಬಾರದೆಂದು ಒಬ್ಬರು, ದೇವರ ತಲೆಯ ಮೇಲೆ ಬೆಳೆದದ್ದನ್ನು ಮುಟ್ಟಬಾರದೆಂದು ಇನ್ನೊಬ್ಬರು. ಪಂಚಾಯ್ತಿಯವರು ಇದು ಇಲಾಖೆಯ ಕೆಲಸ ಎನ್ನುತ್ತಾರೆ. ಇಲಾಖೆಯ ಪಟ್ಟಿಯಲ್ಲಿ ಈ ಗುಡಿ ಇಲ್ಲ. ಜಾತ್ರೆಗೆ ಎತ್ತಿದ ಪಟ್ಟಿಯಲ್ಲಿ ಉಳಿದ ದುಡ್ಡಿಗೆ ಹುಡುಗರು ಮುಂದಿನ ಅಂಗಳಕ್ಕೂ ಟೈಲ್ಸ್ ಹಾಕಿಸಬೇಕೆಂದು ಹಟ ಹಿಡಿದಿದ್ದಾರೆ. ಕಟ್ಟೆಯ ಮೇಲಿನ ಅಜ್ಜ ಜಕಣಾಚಾರಿಯ ಕಥೆ ಅರ್ಧಕ್ಕೆ ನಿಲ್ಲಿಸಿ ಅವರ ಕಡೆ ತಿರುಗಿದರು.

"ಟೈಲ್ಸ್ ಆಮ್ಯಾಲ ಹಾಕ್ಸರ್ಲೇ. ಮೊದಲ ಯಾರರ ಒಬ್ಬಾಂವ ನಿಚ್ಚಣಿಕಿ ತರ್ರಿ, ಆ ಗಿಡ ಕೀಳ್ರಿ."

ನಿಚ್ಚಣಿಕೆ ಯಾರ ಮನೆಯಲ್ಲಿದೆ ಎಂಬ ಚರ್ಚೆ ಶುರುವಾಯಿತು.